ಎಣ್ಣೆ ಹಚ್ಚಿಕೊಂಡ ರಾಜ

ಊರಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಬೇಕಾದರೆ ಡಿಸೆಂಬರ್ ಬರಬೇಕು. ಇಲ್ಲಿ ಕತಾರಿನಲ್ಲಿ ಆಗಸ್ಟ್ ಸಾಕು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತದೆ. ಒಳಗೆ ಎಸಿ ಎಂಬ ಮಹಾರಾಯ ಬಾಟಲಿಯ ಎಣ್ಣೆಯನ್ನು ಮೇಣ ಮಾಡಿಟ್ಟಿರುತ್ತಾನೆ. ಇವತ್ತು ಬೆಳಿಗ್ಗೆ ನನ್ನ ಗಂಡ ಸ್ನಾನ ಮುಗಿಸಿ, ಆ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಉಜ್ಜುತ್ತಾ ನಿಂತಿದ್ದರು. ವಾಸನೆ ಅಡುಗೆಮನೆಗೆ ಬಂತು. ನನಗೆ ಸುಗುಣಕ್ಕ ನೆನಪಾದರು.

ಎಣ್ಣೆಗೂ ಅವರಿಗೂ ಎಂತ ಸಂಬಂಧ ಎಂದು ಕೇಳಬೇಡಿ. ಸ್ವಲ್ಪ ಸುತ್ತಿ ಬರಬೇಕು. ಜಗಳ ಮಾಡುವಾಗ ಮಾತ್ರ ನಾನು ನೇರ. ಕಥೆ ಹೇಳುವಾಗ ಅಲ್ಲ.

ನಾವು ಉಮ್ಮ್ ಸಲಾಲ್‌ಗೆ ಬಂದಾಗ ಸುಗುಣಕ್ಕ ನಮ್ಮ ಗೋಡೆಯ ಆಚೆ ಇದ್ದರು. ಒಂದೇ ವಿಲ್ಲಾವನ್ನು ತುಂಡು ಮಾಡಿ ಬಾಡಿಗೆಗೆ ಕೊಡುತ್ತಾರಲ್ಲ, ಅಂಥ ಮನೆ. ಅವರ ಕುಕ್ಕರ್ ಕೂಗಿದರೆ ನಾನು ಗ್ಯಾಸ್ ಆರಿಸಲು ಓಡುತ್ತಿದ್ದೆ. ಮುಲ್ಕಿ ಕಡೆಯವರು, ಮನೆಯಲ್ಲಿ ತುಳು ಮಾತಾಡುವ ಪ್ರಾಟೆಸ್ಟೆಂಟ್ ಕ್ರಿಶ್ಚಿಯನ್ನರು. ಹಗಲು ಒಂದು ಶಾಲೆಯಲ್ಲಿ ಅಕೌಂಟ್ಸ್ ಕೆಲಸ, ಸಂಜೆ ಲ್ಯಾಪ್‌ಟಾಪ್ ಮುಂದೆ ಎಂ.ಎ. ವಿದ್ಯಾರ್ಥಿನಿ. ಭಾಷಾವಿಜ್ಞಾನ, ಹೀಬ್ರು, ಗ್ರೀಕ್. ಪಾಸಾದರೆ ಊರಿಗೆ ಹೋಗಿ, ಬೈಬಲನ್ನು ಇವತ್ತಿನ ಆಡುಮಾತಿನ ತುಳುವಿಗೆ ತರುವವರ ಜೊತೆ ಸೇರುವುದು ಅವರ ಆಸೆ. ಐವತ್ತು ದಾಟಿದ ಹೆಂಗಸು ಗೋಡೆಯಾಚೆ ಹೀಬ್ರು ಅಕ್ಷರಗಳನ್ನು ಮಗ್ಗಿಯಂತೆ ಉರು ಹೊಡೆಯುವುದನ್ನು ಕೇಳಿ ಒಂದು ದಿನ ಕೇಳಿಯೇಬಿಟ್ಟೆ.

"ಈ ಪ್ರಾಯದಲ್ಲಿ ಎಂತಕ್ಕೆ ಅಕ್ಕ ಇದೆಲ್ಲ? ಮೊಮ್ಮಕ್ಕಳನ್ನು ಆಡಿಸ್ಲಿಕ್ಕೆ ಆಗುದಿಲ್ವಾ?"

"ಮೊಮ್ಮಕ್ಕಳಿಗೆ ಇಂಗ್ಲಿಷ್ ಬರ್ತದೆ ಮಾರಾಯ್ತಿ, ಎಲ್ಲಿಯಾದ್ರೂ ಓದ್ತಾರೆ. ನನ್ನ ಅಜ್ಜಿಗೆ ತುಳು ಬಿಟ್ರೆ ಬೇರೆ ಬರ್ತಿರ್ಲಿಲ್ಲ. ಚರ್ಚಿನಲ್ಲಿ ಕನ್ನಡದಲ್ಲಿ ಓದುವಾಗ ಕೂತು ತಲೆ ಆಡಿಸಿ ಬರ್ತಿದ್ರು. ಅರ್ಥ ಆಯ್ತಾ ಅಂತ ಕೇಳಿದ್ರೆ, ದೇವ್ರಿಗೆ ಆಗ್ತದಲ್ಲ ಸಾಕು ಅಂತಿದ್ರು."

(ನಾವು ಮಾತಾಡಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ.)

ಅವರ ಕೋರ್ಸಿನ ಕೊನೆಗೆ ಒಂದು ಪ್ರಾಜೆಕ್ಟ್. ಹೀಬ್ರುವಿನಿಂದ ಒಂದು ಕಥೆಯನ್ನು ತುಳುವಿಗೆ ತಂದು, ಅದನ್ನು ಮೊದಲು ಕೇಳಿರದ ಒಬ್ಬರಿಗೆ ಓದಿ ಹೇಳಬೇಕು. ಕೇಳಿದವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ನಡುವೆ ವಿವರಣೆ ಕೊಡುವ ಹಾಗಿಲ್ಲ. ನಾನು ಕಟೀಲು ದೇವಿಗೆ ಹರಕೆ ಹೇಳುವ ಮನೆಯವಳು, ಬೈಬಲ್ ತೆರೆದವಳಲ್ಲ. ಅದೇ ಬೇಕಿತ್ತಂತೆ. "ನಿನ್ನ ಹಾಗೆ ಎಂತದೂ ಗೊತ್ತಿಲ್ಲದವರು ಸಿಗುದು ಕಷ್ಟ" ಎಂದರು. ನನ್ನ ಅಜ್ಞಾನಕ್ಕೆ ಸಿಕ್ಕಿದ ಮೊದಲ ಮರ್ಯಾದೆ ಅದು.

"ತಪ್ಪು ಹೇಳಿದ್ರೆ?"

"ತಪ್ಪು ನಿಂದಲ್ಲ. ನನ್ನ ಅನುವಾದದ್ದು. ನಾನು ತಿದ್ದಿ ಪುನಃ ಬರ್ತೇನೆ."

ಇಂಥ ಪರೀಕ್ಷೆ ನನ್ನ ಶಾಲೆಯಲ್ಲೂ ಇದ್ದಿದ್ದರೆ!

ಶುಕ್ರವಾರ ರಜೆ. ನಮ್ಮ ಊಟದ ಮೇಜಿನಲ್ಲಿ ಕೂತು ಓದಿದರು. ಒಬ್ಬ ರಾಜ. ಅವನ ಕೂಸಿಗೆ ಜೋರು ಕಾಯಿಲೆ. ರಾಜ ಊಟ ಬಿಟ್ಟು ನೆಲದ ಮೇಲೆ ಬಿದ್ದುಕೊಂಡು ದೇವರಲ್ಲಿ ಬೇಡುತ್ತಾನೆ. ಕೂಸು ಸಾಯುತ್ತದೆ. ರಾಜನಿಗೆ ತಿಳಿಸಲು ಆಳುಗಳಿಗೆ ಹೆದರಿಕೆ. ಅವರ ಗುಸುಗುಸು ನೋಡಿ ಅವನೇ ತಿಳಿದುಕೊಳ್ಳುತ್ತಾನೆ. ಆಮೇಲೆ ಏಳುತ್ತಾನೆ, ಸ್ನಾನ ಮಾಡುತ್ತಾನೆ, ಎಣ್ಣೆ ಹಚ್ಚಿಕೊಳ್ಳುತ್ತಾನೆ, ಬಟ್ಟೆ ಬದಲಿಸಿ, ದೇವರಿಗೆ ಕೈಮುಗಿದು ಬಂದು, ಊಟ ಬಡಿಸಿ ಎನ್ನುತ್ತಾನೆ.

ನಾನು ತಿರುಗಿ ಹೇಳಿದೆ: ಕೂಸು ಸತ್ತಿತು, ರಾಜ ತುಂಬ ಅತ್ತ.

"ಅತ್ತ ಅಂತ ಓದಿದ್ನಾ ನಾನು?"

"ಮತ್ತೆ? ಅಳದೆ ಎಂತ ಮಾಡ್ತಾನೆ?"

ಸುಗುಣಕ್ಕ ಪುಸ್ತಕ ಎತ್ತಿಕೊಂಡು ಎದ್ದು ಹೋದರು. ಆ ವಾರವಿಡೀ ಗೋಡೆಯಾಚೆ ಪುಟ ಮಗುಚುವ ಸದ್ದು. ಮುಂದಿನ ಶುಕ್ರವಾರ ತಿದ್ದಿ ತಂದರು. ಈ ಸಲ ನಾನು, ಆಳುಗಳು ಉಂಡರು ಎಂದೆ. ಉಂಡದ್ದು ಯಾರೆಂದು ತಮ್ಮ ವಾಕ್ಯದಲ್ಲಿ ಸ್ಪಷ್ಟವಿಲ್ಲ ಎಂದುಕೊಂಡು ಪಾಪ ಅದನ್ನೂ ತಿದ್ದಿದರು. ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬರುತ್ತಿತ್ತು. ಕೇಳುವವಳು ಯಾಕೆ ಅದೇ ಜಾಗದಲ್ಲಿ ಎಡವುತ್ತಾಳೆ ಎಂದು ಅವರ ಮೇಷ್ಟ್ರು ಬೇರೆ ಕೇಳುತ್ತಿದ್ದರಂತೆ.

ಯಾಕೆ ಎಂದು ನನಗೆ ಗೊತ್ತಿತ್ತು. ಸುಗುಣಕ್ಕನಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ.

ಈ ಮನೆಗೆ ಬರುವ ಮೊದಲು ನಾವು ಅಲ್ ಖೋರ್‌ನಲ್ಲಿದ್ದೆವು. ನಮ್ಮವರು ಕಂಪನಿ ಬಸ್ಸಿನಲ್ಲಿ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿಗೆ ಹೋಗಿಬರುತ್ತಿದ್ದರು. ನಮ್ಮ ಮೊದಲ ಮಗ ದಿನ ತುಂಬುವ ಮೊದಲೇ ಹುಟ್ಟಿದ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇದ್ದಷ್ಟು ದಿನ ಇವರು ಗಡ್ಡ ಬಿಟ್ಟು, ಹಾಲಿಲ್ಲದ ಸುಲೈಮಾನಿ ಚಹಾ ಮಾತ್ರ ಕುಡಿದು, ಆ ಕಾರಿಡಾರಿನಲ್ಲೇ ನಿಂತರು. ಮಗು ಹೋಯಿತು. ಮಣ್ಣು ಮಾಡಿ ಬಂದವರು ಫೋನಿನಲ್ಲಿ ಫೋರ್‌ಮನ್‌ಗೆ ಹೇಳಿದ್ದು ಒಂದೇ ಶಬ್ದ: "ಖಲಾಸ್." ಆಮೇಲೆ ಸ್ನಾನ ಮಾಡಿದರು. ಗಡ್ಡ ತೆಗೆದರು. ತಲೆಗೆ ಎಣ್ಣೆ ಹಚ್ಚಿದರು. ಗಂಜಿ ಬೇಯಿಸಿ ಬಟ್ಟಲಿಗೆ ಹಾಕಿ ಉಂಡರು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದರು. ಒಳಗೆ ಎದೆಹಾಲು ಕಟ್ಟಿಕೊಂಡು ಮಲಗಿದ್ದ ನನಗೆ ಆ ಎಣ್ಣೆಯ ವಾಸನೆ ಬಂದದ್ದು ಇನ್ನೂ ಮೂಗಿನಲ್ಲಿದೆ. ಈ ಮನುಷ್ಯ ಎಂಥವನು ಎಂದು ಅವತ್ತು ಅಂದುಕೊಂಡೆ. ಬಾಯಿಬಿಟ್ಟು ಕೇಳಲಿಲ್ಲ. ಆಮೇಲೆ ಸಂಸಾರ ಮಾಡಿದೆ, ನಗೆಯಾಡಿದೆ, ಮೀನಿನ ರೇಟಿಗೆ ಜಗಳವಾಡಿದೆ. ಆ ಪ್ರಶ್ನೆ ಮಾತ್ರ ಹಾಗೇ ಇತ್ತು.

ಮೂರನೆಯ ಸಲ ಓದಿದಾಗ ನನಗೆ ತಡೆಯಲಾಗಲಿಲ್ಲ.

"ನಿಮ್ಮ ಹೀಬ್ರುವೇ ತಪ್ಪು ಅಕ್ಕ. ಯಾವ ಅಪ್ಪ ಹಾಗೆ ಮಾಡ್ತಾನೆ? ಎಣ್ಣೆ ಹಚ್ಚಿಕೊಂಡು ಊಟಕ್ಕೆ ಕೂತ್ಕೊಳ್ತಾನಾ?"

ಸುಗುಣಕ್ಕ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಅಷ್ಟರಲ್ಲಿ ನಮ್ಮವರು ಬಂಗುಡೆಯ ಚೀಲ ಹಿಡಿದು ಒಳಗೆ ಬಂದರು. ಅವರಿಗೂ ಕಥೆ ಗೊತ್ತಿರಲಿಲ್ಲ.

"ಶೇಖರಣ್ಣ, ಸ್ವಲ್ಪ ಕೂತ್ಕೊಳ್ಳಿ. ಒಂದು ಸಲ ಕೇಳಿ, ತಿರುಗಿ ಹೇಳಿ. ನಿಮ್ಮ ಹೆಂಡ್ತಿ ನನ್ನನ್ನು ಫೇಲ್ ಮಾಡ್ಲಿಕ್ಕೆ ಹೊರಟಿದ್ದಾಳೆ."

"ಅವಳು ಯಾರನ್ನು ಪಾಸ್ ಮಾಡಿದ್ದಾಳೆ ಅಕ್ಕ?" ಎನ್ನುತ್ತಾ ಕೂತರು.

ನಾನು ಮೀನು ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಸುಗುಣಕ್ಕ ಓದಿ ಮುಗಿಸಿದರು. ನಮ್ಮವರು ಹೇಳತೊಡಗಿದರು. ಒಂದೂ ಬಿಡಲಿಲ್ಲ. ನೆಲ, ಆಳುಗಳು, ಗುಸುಗುಸು, ಸ್ನಾನ, ಎಣ್ಣೆ, ಬಟ್ಟೆ. "ಆಮೇಲೆ ಊಟ ಹಾಕಿ ಅಂದ. ಉಂಡ. ಜೀವ ಇದ್ದಷ್ಟು ದಿನ ಬೇಡಿದ, ಇನ್ನು ಬೇಡ್ಲಿಕ್ಕೆ ಎಂತ ಉಂಟು? ಮತ್ತೆ, ಒಳಗೆ ಹೆಂಡ್ತಿ ಇದ್ಳು. ಇವನೂ ಬಿದ್ಕೊಂಡ್ರೆ ಅವಳನ್ನು ಎಬ್ಬಿಸುವವರು ಯಾರು?"

"ಹೆಂಡ್ತಿಯ ಸುದ್ದಿ ನಾನು ಓದ್ಲೇ ಇಲ್ಲ ಅಣ್ಣ."

"ಓದದಿದ್ರೆ ಎಂತ? ಇರ್ತಾಳಲ್ಲ."

ನಲ್ಲಿ ಹಾಗೇ ಹರಿಯುತ್ತಿತ್ತು. ಸುಗುಣಕ್ಕ ಪುಸ್ತಕ ಮಗುಚಿದ್ದು ಕೇಳಿಸಿತು. ಆಮೇಲೆ ಅವರ ಸ್ವರ, ತೀರ ಮೆಲ್ಲಗೆ: "ಸ್ವಲ್ಪ ಮುಂದೆ ಒಂದು ವಾಕ್ಯ ಉಂಟು. ಹೆಂಡ್ತಿಗೆ ಸಮಾಧಾನ ಮಾಡಿದ ಅಂತ. ನಾನು ಅದರ ಮೊದಲೇ ನಿಲ್ಲಿಸಿದ್ದು."

ಅವರು ಆ ವಾಕ್ಯವನ್ನೂ ಸೇರಿಸಿ ಪ್ರಾಜೆಕ್ಟ್ ಕಳಿಸಿದರು. ಪಾಸಾದರು. ಈಗ ಊರಿನಲ್ಲಿ ಅದೇ ಕೆಲಸದಲ್ಲಿದ್ದಾರೆ.

ನಾನೋ, ಆ ಶುಕ್ರವಾರದ ಮೇಲೆ ಒಂದು ವಿಷಯ ಪದೇ ಪದೇ ನೆನಪು ಮಾಡಿಕೊಳ್ಳುತ್ತಿದ್ದೆ. ಅಲ್ ಖೋರಿನ ಆ ಮೇಜಿನ ಮೇಲೆ ಗಂಜಿಯ ಬಟ್ಟಲು ಎರಡಿದ್ದವು ಅನಿಸುತ್ತಿತ್ತು. ಒಂದೇ ಇತ್ತು ಎಂದೂ ಅನಿಸುತ್ತಿತ್ತು. ಕೇಳುವ ಧೈರ್ಯ ಬಂದಿರಲಿಲ್ಲ.

ಇವತ್ತು ಬೆಳಿಗ್ಗೆ ಅವರ ಕೈಯಿಂದ ಎಣ್ಣೆಯ ಬಾಟಲಿ ಕಿತ್ತುಕೊಂಡು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟೆ.

"ಬಸ್ಸಿಗೆ ತಡ ಆಗ್ತದೆ ಮಾರಾಯ್ತಿ."

"ಆಗ್ಲಿ. ಒಂದು ಕೇಳ್ತೇನೆ. ಆ ದಿನ ಗಂಜಿ ಮಾಡಿದ್ರಲ್ಲ, ನಾನು ಉಣ್ಲಿಲ್ಲ ಅಲ್ವಾ?"

ಯಾವ ದಿನ ಎಂದು ಅವರು ಕೇಳಲಿಲ್ಲ. ಕರಗುತ್ತಿದ್ದ ಎಣ್ಣೆಯನ್ನೇ ನೋಡುತ್ತಾ ಹೇಳಿದರು:

"ಉಂಡಿದ್ದೀ. ಅರ್ಧ ಬಟ್ಟಲು. ನಾನೇ ತಿನ್ಸಿದ್ದು. ಉಪ್ಪಿನಕಾಯಿ ಖಾರ ಅಂತ ನೀನು ನನಗೆ ಬೈದೆ."