ಕಾಕು ಕಾಲು ಕೆಳಗಿಡಲಿಲ್ಲ

ಕಾಕುವಿನ ಕಾಲುಂಗುರ ದಪ್ಪ ಬೆಳ್ಳಿಯದು. ಶಹಾಬಾದಿ ಕಲ್ಲಿನ ನೆಲದ ಮೇಲೆ ಅವರು ಕಾಣುವ ಮೊದಲೇ ಆ ಟಕಟಕ ಕೇಳುತ್ತಿತ್ತು. ನಮ್ಮ ಹೋಟೆಲಿಗೆ ಬಂದರೆ ಕುರ್ಚಿಯ ಮೇಲೂ ಕಾಲು ಇಳಿಬಿಟ್ಟು ಕೂತವರಲ್ಲ. ಸೀರೆ ಸರಿಮಾಡಿಕೊಂಡು ಎರಡೂ ಕಾಲು ಮಡಚಿ ಮೇಲೆ ಎಳೆದುಕೊಳ್ಳುವರು. ದೇವರ ಪಟ, ರೊಟ್ಟಿಯ ಬುಟ್ಟಿ, ಗಂಡ, ಇವುಗಳ ಕಡೆ ಹೆಂಗಸು ಕಾಲು ಚಾಚಬಾರದೆಂದು ಅವರ ತಾಯಿ ಹೇಳಿಕೊಟ್ಟಿದ್ದರಂತೆ. "ಸಣ್ಣ ಮನಿ ತಂಗಿ, ಒಂದೊಂದು ಒಂದೊಂದು ಕಡಿ ಇರ್ತಾವ. ಮಡಚೋದೇ ಛಲೋ" ಎನ್ನುತ್ತಿದ್ದರು.

ನಾಶಿಕದ ಹತ್ತಿರದ ದೇವಳಾಲಿಯ ಮಿಲಿಟರಿ ಕ್ಯಾಂಪಿನಲ್ಲಿ ನಮ್ಮದು ಇಡ್ಲಿ-ದೋಸೆಯ ಹೋಟೆಲು, ಪಕ್ಕದ್ದು ಅವರ ಅಂಗಡಿ. ನಾವು ಕುಂದಾಪುರದ ಕಡೆಯವರು, ಅವರು ಭಾಲ್ಕಿ ಕಡೆಯ ಲಿಂಗವಂತರು. ಸಿಪಾಯಿಗಳಿಗೆ ತಗಡಿನ ಟ್ರಂಕು, ಬೂಟ್ ಪಾಲಿಶು, ಹಾಸಿಗೆ ಕಟ್ಟುವ ಪಟ್ಟಿ ಮಾರುತ್ತಿದ್ದರು. ಬಾಗಿಲು ತೆರೆದಾಗ ಗಲ್ಲಾದ ಮೇಲೆ ಕೂತ ಕಾಕುವಿನ ಗಂಡ, ಕಾಕಾ, ಬಾಗಿಲು ಹಾಕುವಾಗಲೇ ಏಳುವುದು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಮರಾಠಿಯ ಒಂದಕ್ಷರ ಬಾರದು. ತರಕಾರಿಯವಳ ಜೊತೆ ಜಗಳವಾಡುವಷ್ಟು ಮರಾಠಿ ಕಲಿಸಿದವರು ಕಾಕು. ನನ್ನ ಕನ್ನಡಕ್ಕೆ ಉಪ್ಪಿಲ್ಲ ಎಂದು ನಗುತ್ತಿದ್ದರು. ನಿಮ್ಮದರಲ್ಲಿ ಬರೀ ಖಾರ ಎಂದು ನಾನೂ ಬಿಡುತ್ತಿರಲಿಲ್ಲ. ತೌರು ದೂರವಾದವಳಿಗೆ ಅಷ್ಟು ಮಾತು ಸಿಕ್ಕಿದ್ದೇ ದೊಡ್ಡದು.

ಅವರ ಒಬ್ಬಳೇ ಮಗಳು ಸಂಭಾಜಿನಗರದಲ್ಲಿದ್ದಳು. ಅಳಿಯನಿಗೆ ಬಿಡಕಿನ್‌ನ ಹೊಸ ಕಾರ್ಖಾನೆಯಲ್ಲಿ ಕೆಲಸ. ಅಪ್ಪ-ಅವ್ವ ಎಲ್ಲೂ ಹೋಗಿಲ್ಲವೆಂದು ಆಕೆ ಬಾಲಿ ದ್ವೀಪದ ಪ್ರವಾಸಕ್ಕೆ ಟಿಕೆಟು ಮಾಡಿಸಿ, ನನ್ನನ್ನೂ ನನ್ನ ಗಂಡನನ್ನೂ ಜೊತೆಗೆ ಹೊರಡಿಸಿದಳು. ಕಾಕುವಿಗೆ ಮನಸ್ಸಿರಲಿಲ್ಲ. ಕಾಕಾ ಮಾತ್ರ ವಿಮಾನ ಹತ್ತಬೇಕು, ಸಮುದ್ರ ನೋಡಬೇಕು ಎಂದು ತುದಿಗಾಲಲ್ಲಿ ನಿಂತಿದ್ದರು. ಸಮುದ್ರ ನೋಡಲು ನಮ್ಮೂರಿಗೆ ಬಂದರೆ ಸಾಕಿತ್ತಲ್ಲ ಎಂದೆ. ನಿಮ್ಮೂರಿಗೆ ರೈಲು ಹೋಗ್ತದ ಎಂದರು.

ಮುಂಬಯಿ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮೊದಲ ಜಗಳ. ಮೈಮೇಲಿನ ಲೋಹವನ್ನೆಲ್ಲ ಟ್ರೇಯಲ್ಲಿಡಿ ಎಂದರು. ಕಾಕಾ ಗಡಿಬಿಡಿಯಲ್ಲಿ ಬೆಲ್ಟು, ಮೊಬೈಲಿನ ಜೊತೆ ಕೊರಳಿನ ಲಿಂಗದ ಕರಡಿಗೆಯನ್ನೂ ತೆಗೆದು ಇಟ್ಟುಬಿಟ್ಟರು. ಕಾಕು ತಮ್ಮ ಕರಡಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನಿಂತರು, ಜಪ್ಪಯ್ಯ ಎಂದರೂ ಬಿಡಲಿಲ್ಲ. ಕೊನೆಗೆ ಒಬ್ಬಳು ಮಹಿಳಾ ಪೇದೆ ಪರದೆಯ ಹಿಂದೆ ಕರೆದೊಯ್ದು, ತೆರೆಸಿ ನೋಡಿ, ಹೋಗಿ ಮಾವಶಿ ಎಂದು ಬಿಟ್ಟಳು. ಆಚೆ ಕಾಕಾ ಕರಡಿಗೆ ಹಾಕಿಕೊಂಡು ನಗುತ್ತ ನಿಂತಿದ್ದರು. ಪ್ರಾಣ ಇರುವ ತನಕ ಮೈಯಿಂದ ಅಗಲಬಾರದ್ದನ್ನು ಚರ್ಮದ ಬೆಲ್ಟಿನ ಜೊತೆ ಇಟ್ಟಿರಲ್ಲ ಎಂದು ಕಾಕು ಬೈದವರು, ವಿಮಾನ ಮೇಲೇರುವವರೆಗೆ ಅವರ ಜೊತೆ ಮಾತಾಡಲಿಲ್ಲ.

ಬಾಲಿಯಲ್ಲಿ ಹೊರಗೆ ಕಾಲಿಟ್ಟ ಕೂಡಲೇ ಒದ್ದೆ ಸೆಖೆ ಮುಖಕ್ಕೆ ಅಂಟಿತು. ಊದುಬತ್ತಿ, ಸಂಪಿಗೆಯಂಥ ಹೂ, ಪೆಟ್ರೋಲು ಎಲ್ಲ ಬೆರೆತ ವಾಸನೆ. "ಇಲ್ಲಿ ಗಾಳಿಗೂ ಬೆವರು ಬರ್ತದ ನೋಡು" ಎಂದರು ಕಾಕು. ನನಗೋ ನಿರಾಸೆ, ಮಾರಾಯ್ರೆ. ತೆಂಗು, ಬಾಳೆ, ಪಾಚಿ ಹಿಡಿದ ಗೋಡೆ. ಇಷ್ಟು ದೂರ ಹಾರಿ ಬಂದು ತೌರುಮನೆಯನ್ನೇ ನೋಡಿದ ಹಾಗಾಯಿತು. ಅಲ್ಲಿನವರೂ ಹಿಂದೂಗಳೇ. ಪ್ರತಿ ಬಾಗಿಲೆದುರು ನೆಲದ ಮೇಲೆ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಅನ್ನ ಇಟ್ಟಿರುತ್ತಾರೆ. ತುಳಿದೇನೆಂಬ ಭಯಕ್ಕೆ ಕಾಕು ಸೀರೆ ಎತ್ತಿ ಹಿಡಿದು, ಜಾಗ ನೋಡಿ ನೋಡಿ ಹೆಜ್ಜೆ ಇಟ್ಟರು. ಹಿಂದಿನಿಂದ ಕಾಕಾ ಚೇಷ್ಟೆ ಮಾಡುತ್ತಿದ್ದರು.

ಮರುದಿನ ಬೆಳಿಗ್ಗೆ ಕಾಕಾ ಪ್ಯಾಂಟು ಮೊಣಕಾಲಿಗೆ ಮಡಚಿ ನೀರಿಗಿಳಿದರು. ಅಲೆ ಬಂದರೆ ಹಿಂದೆ ಓಡುವುದು, ಹೋದರೆ ಬೆನ್ನಟ್ಟುವುದು. ನಕ್ಕು ನಕ್ಕು ಸುಸ್ತಾಗಿ ಮರದಡಿಯ ಕುರ್ಚಿಯಲ್ಲಿ ಬಂದು ಕೂತರು. ನನ್ನ ಗಂಡ ಎಳನೀರು ತರಲು ಹೋದರು. ನಾನು ಹತ್ತಿರ ಹೋದಾಗ ಕಾಕಾ ಕಣ್ಣು ಮುಚ್ಚಿದ್ದರು, ಕಾಕು ಪಕ್ಕದಲ್ಲಿ ಸೆರಗಿನಿಂದ ನೊಣ ಓಡಿಸುತ್ತಿದ್ದರು. ಎಬ್ಬಿಸಬೇಡ ಎಂದು ನನಗೆ ಕೈಸನ್ನೆ ಮಾಡಿದರು. ಎಳನೀರು ಬಂದರೂ ಕಾಕಾ ಏಳಲಿಲ್ಲ.

ಆಸ್ಪತ್ರೆಯವರು ಹೃದಯ ನಿಂತಿದೆ ಎಂದು ಹೇಳಿ ಮುಗಿಸಿದರು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೈಗಡಿಯಾರ, ಕನ್ನಡಕ, ಕರಡಿಗೆ ಹಾಕಿ ಕೊಟ್ಟರು. ಕಾಕು ಆ ಕರಡಿಗೆಯನ್ನು ತೆಗೆದು ತಮ್ಮ ಕೊರಳಿಗೇ ಕಟ್ಟಿಕೊಂಡರು. ಎದೆಯ ಮೇಲೆ ಎರಡು ಲಿಂಗವಾದವು.

ಪ್ರವಾಸ ನಡೆಸುತ್ತಿದ್ದ ಮರಾಠಿ ಹುಡುಗ ಒಳ್ಳೆಯವನೇ. ಇಲ್ಲಿಯೂ ಸುಡುವ ಪದ್ಧತಿ ಇದೆ, ನಾಳೆಯೇ ಮುಗಿಸಿದರೆ ಅಸ್ಥಿ ಒಂದು ಕುಡಿಕೆಯಲ್ಲಿ ಕೈಚೀಲದಲ್ಲೇ ಬರುತ್ತದೆ, ದೇಹ ಒಯ್ಯುವುದಾದರೆ ಕಾಗದಪತ್ರಕ್ಕೆ ಎಷ್ಟು ದಿನವಾಗುತ್ತದೋ ಗೊತ್ತಿಲ್ಲ ಎಂದ. ಅಲ್ಲಿದ್ದ ಎಲ್ಲರಿಗೂ, ನನಗೂ, ಅದೇ ಸರಿ ಎನಿಸಿತು. ಕಾಕು ತಲೆ ಎತ್ತಿ, ಅವನಿಗೆ ಅರ್ಥವಾಗದ ಕನ್ನಡದಲ್ಲೇ ಹೇಳಿದರು: "ನಮ್ಮ ಮಂದ್ಯಾಗ ಸುಡಂಗಿಲ್ಲ, ಮಣ್ಣು ಕೊಡ್ತೀವಿ. ಕೂಡ್ಸಿ ಕೊಡ್ತೀವಿ. ಕೈಚೀಲದಾಗ ಹಾಕ್ಕೊಂಡು ಹೋಗ್ಲಿಕ್ಕ ಅವ್ರೇನು ವಿಭೂತಿ ಗಟ್ಟಿ ಅದಾರೇನು?"

ಸಂಭಾಜಿನಗರದಲ್ಲಿ ಕಾಕಾನ ಅಣ್ಣನ ಸಮಾಧಿ ಇದೆ. ಹದಿಹರೆಯದ ಕಾಕಾನನ್ನು ಈ ಸೀಮೆಗೆ ಕರೆತಂದವರು ಆ ಅಣ್ಣ. ಅವರ ಪಕ್ಕದಲ್ಲೇ ಕಾಕಾನನ್ನೂ ಕಾಲು ಮಡಚಿ ಕೂಡಿಸಿ ಮಣ್ಣು ಕೊಡಬೇಕು, ಅವರ ದೇಹವಿಲ್ಲದೆ ತಾನು ಈ ಊರು ಬಿಡುವುದಿಲ್ಲ ಎಂದರು ಕಾಕು. ಗುಂಪು ವಾಪಸು ಹೊರಟಿತು, ಹೋಟೆಲು ನೋಡಿಕೊಳ್ಳಲು ನನ್ನ ಗಂಡನೂ ಹೊರಟರು. ನಾನು ಕಾಕುವಿನ ಜೊತೆ ಉಳಿದೆ.

ದೇಹದ ಕಾಗದಪತ್ರಕ್ಕೆ ದಿನಗಟ್ಟಲೆ ಓಡಾಡಿದೆವು. ಕಚೇರಿಯಿಂದ ಕಚೇರಿಗೆ ಅಲೆದು ಬಂದರೆ ನಮ್ಮ ಕೋಣೆಯ ಕಿಟಕಿಯ ಕೆಳಗೆ ಈಜುಕೊಳ, ಹೊಸ ಜೋಡಿಗಳ ನಗು. ಎದುರಿಗೆ ಅದೇ ಸಮುದ್ರ, ಅದೇ ಹಸಿರು. ಅದರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಕಾಕು ಅನ್ನ ಮುಟ್ಟಲಿಲ್ಲ, ತಂದಿದ್ದ ಕಟಕಟಿ ರೊಟ್ಟಿಯನ್ನು ನೀರಲ್ಲಿ ಅದ್ದಿ ತಿಂದರು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ, "ಲಿಂಗ ಟ್ರೇದಾಗ ಇಟ್ಟಿದ್ದಕ್ಕ ಅಲ್ಲ ತಂಗಿ. ಅವ್ರಿಗಿ ಬಿ.ಪಿ. ಇತ್ತು" ಎಂದರು. ನಾನು ಏನೂ ಕೇಳಿರಲಿಲ್ಲ.

ಕೊನೆಗೆ ಕಾಗದ ಕೈಗೆ ಬಂತು. ಕಾಕಾನ ಪೆಟ್ಟಿಗೆ ನಾವು ಕೂತ ವಿಮಾನದಲ್ಲೇ, ಸಾಮಾನಿನ ಜೊತೆ ಕೆಳಗೆ ಬರುತ್ತದೆ ಎಂದರು. ನಾನಾದರೂ ಸುಮ್ಮನಿರಬಾರದೆ? ಕಾಕುವಿಗೆ ಅದನ್ನು ಹಾಗೆಯೇ ಹೇಳಿದೆ. ಸೀಟಿನಲ್ಲಿ ಕೂತವರು ಒಮ್ಮೆ ಕಾಲ ಬುಡದ ನೆಲ ನೋಡಿದರು, ಮೆಲ್ಲಗೆ ಎರಡೂ ಕಾಲು ಮಡಚಿ ಮೇಲೆ ಎಳೆದುಕೊಂಡರು. ಗಗನಸಖಿ ಬಂದು ಕಾಲು ಇಳಿಸಿ ಎಂದಳು. "ಕೆಳಗ ಅವ್ರು ಅದಾರ" ಎಂದರು ಕಾಕು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಹಿರಿಯಳನ್ನು ಕರೆತಂದಳು. ಆಕೆ ಕೇಳಿಸಿಕೊಂಡು, ಮಡಚಿದ ಕಾಲಿನ ಮೇಲಿನಿಂದಲೇ ಬೆಲ್ಟು ಬಿಗಿದು ಹೋದಳು. ಸ್ವಲ್ಪ ಹೊತ್ತಿಗೆ ನನಗೂ ಕಾಲು ಕೆಳಗಿಡಲಾಗಲಿಲ್ಲ. ನಾನೂ ಎತ್ತಿಕೊಂಡೆ. ಆದರೆ ನನ್ನದು ಬೇಗ ಜೋಮು ಹಿಡಿದು ಇಳಿಸಿಬಿಟ್ಟೆ. ಕಾಕು ಮುಂಬಯಿಯವರೆಗೂ ಇಳಿಸಲಿಲ್ಲ, ಶೌಚಕ್ಕೂ ಏಳಲಿಲ್ಲ. ಇಳಿಯುವಾಗ ಮೊಣಕಾಲು ಬಿಚ್ಚಿಕೊಳ್ಳದೆ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರಬೇಕಾಯಿತು.

ಸಂಭಾಜಿನಗರದ ರುದ್ರಭೂಮಿಯಲ್ಲಿ ಕೂಡಿಸುವ ಗುಣಿ ತೋಡಿ ಸಿದ್ಧವಿತ್ತು. ಮಗಳು, ನಾನೇ ಕಳಿಸಿದೆ ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು. ಅವಳ ಕೈ ಹಿಡಿದು ಕಾಕು, ಸಮುದ್ರದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದೇನೆ, ಅಷ್ಟು ನಕ್ಕದ್ದು ಅಂಗಡಿಯಲ್ಲಿ ಎಂದೂ ಕಂಡಿರಲಿಲ್ಲ ಎಂದರು. ಪೆಟ್ಟಿಗೆ ತೆರೆದರು. ಔಷಧಿ ತುಂಬಿ, ದಿನಗಟ್ಟಲೆ ಥಂಡಿಯಲ್ಲಿ ಮಲಗಿಸಿದ್ದ ದೇಹ ಮರದ ಹಲಗೆಯಾಗಿತ್ತು. ಮಠದ ಅಯ್ಯನವರೂ ಹಿರಿಯರೂ ಕೂಡಿಸಲು ನೋಡಿದರು. ಬೆನ್ನು ಬಾಗಲಿಲ್ಲ, ಮೊಣಕಾಲು ಮಡಚಲಿಲ್ಲ. ಸಂದು ಮುರಿಯದೆ ಆಗದು ಎಂದು ಯಾರೋ ಪಿಸುಗುಟ್ಟಿದರು. ಅದಕ್ಕೆಂದೇ ಪರದೇಶದಲ್ಲಿ ಹಟ ಹಿಡಿದು ಕೂತ ಹೆಂಗಸು ಏನು ಮಾಡಿಯಾಳು ಎಂದು ನಾನು ಕಾಕುವಿನತ್ತ ನೋಡಿದೆ.

ಕಾಕು ಕುಂಟುತ್ತ ಮುಂದೆ ಬಂದರು. "ಬ್ಯಾಡ್ರಿ. ಜಲ್ಮ ಪೂರಾ ಗಲ್ಲಾದ ಮ್ಯಾಲ ಕುಂತಾರ. ಈಗರೆ ಮಲಗ್ಲಿಕ್ಕ ಬಿಡ್ರಿ."

ಗುಣಿಯನ್ನು ಉದ್ದ ಮಾಡುವವರೆಗೆ ಎಲ್ಲರೂ ಬಿಸಿಲಲ್ಲಿ ನಿಂತೆವು. ಕಾಕು ಎದೆಯ ಮೇಲಿನ ಒಂದು ಕರಡಿಗೆಯನ್ನು ಬಿಚ್ಚಿ, ಲಿಂಗವನ್ನು ಅವರ ಅಂಗೈಯಲ್ಲಿಟ್ಟು, ಬಿಗಿದ ಬೆರಳುಗಳ ಮೇಲೆ ದಾರ ಸುತ್ತಿದರು.

ಆಮೇಲೆ ಗಲ್ಲಾದ ಮೇಲೆ ಕಾಕುವೇ ಕೂತರು. ಕಾಲುಂಗುರ ತೆಗೆದಿದ್ದರಿಂದ ಅವರು ಬಂದದ್ದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಬೆನ್ನ ಹಿಂದೆ ನಿಂತಿರುತ್ತಿದ್ದರು. ಒಮ್ಮೆ ಚಹಾ ಕುಡಿಯುತ್ತ, "ನನ್ನೂ ಹಂಗೇ ಮಲಗಸ್ರಿ. ಅವ್ರು ಮಲಗಿ, ನಾ ಬಾಜೂಕ ಕಾವಲಿಗಿ ಕುಂತಂಗ ಕುಂತ್ರ ಛಲೋ ಕಾಣ್ತದೇನು?" ಎಂದು ನಕ್ಕರು. ನಾನು ಬೈದು ಬಾಯಿ ಮುಚ್ಚಿಸಿದೆ.

ಹೋದ ಶ್ರಾವಣದಲ್ಲಿ ಮಗಳ ಮನೆಯಲ್ಲಿದ್ದಾಗ ಕಾಕು ತೀರಿಕೊಂಡರು. ನಾಶಿಕದಿಂದ ನಾನು ತಲುಪುವಷ್ಟರಲ್ಲಿ ಕಾಕಾನ ಪಕ್ಕದಲ್ಲಿ ಕೂಡಿಸುವ ಗುಣಿ ತಯಾರಾಗಿತ್ತು. ಇವರನ್ನಾದರೂ ಪದ್ಧತಿಯಂತೆ ಕೂಡಿಸೋಣ, ಮೈ ಇನ್ನೂ ಮೆತ್ತಗಿದೆ ಎಂದರು ಅಯ್ಯನವರು. ಕೂಡಿಸಬೇಡಿ, ಮಲಗಿಸಿ ಎಂದು ನಾನು ಬಾಯಿ ಬಿಟ್ಟೆ. ನೀವ್ಯಾರು ಎಂದು ಒಬ್ಬರು ಕೇಳಿದರು. ಪಕ್ಕದ ಅಂಗಡಿಯವಳು ಎಂದೆ. ಬೇರೆ ಮಂದಿ ನಮ್ಮ ಪದ್ಧತಿ ಹೇಳಬೇಕೇ ಎಂದು ಗುಸುಗುಸು ಎದ್ದಿತು. ಮರಾಠಿಯಲ್ಲಿ ಜಗಳವಾಡಲು ಕಲಿಸಿದವರೇ ಎದುರಿಗೆ ಮಲಗಿದ್ದರು, ನಾನು ಹಿಂಜರಿಯಲಿಲ್ಲ. ಕಾಕು ಹೇಳಿದ್ದನ್ನು ಅವರದೇ ಮಾತಿನಲ್ಲಿ ಹೇಳಿದೆ. ಮಗಳು ಅಳುತ್ತಿದ್ದವಳು ನಕ್ಕುಬಿಟ್ಟಳು. "ಇದು ಅವ್ವನ ಮಾತೇ. ಉದ್ದ ತೋಡ್ರಿ" ಎಂದಳು.

ತೋಡಿದರು. ಕಾಕಾನ ತಲೆಯ ಸಮಕ್ಕೆ ತಲೆ, ಕಾಲಿನ ಸಮಕ್ಕೆ ಕಾಲು ಬರುವಂತೆ ಇಳಿಸಿದರು. ಮಣ್ಣು ಹಾಕುವ ಮೊದಲು ನಾನು ಬಗ್ಗಿ ನೋಡಿದೆ. ಕಾಕು ಕಾಲು ಚಾಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ.