ಅವಳ ಬಾಯಲ್ಲಿ ನನ್ನ ಮಾತು

ಹೈದರಾಬಾದಿಗೆ ಬಂದ ಮೊದಲ ವರ್ಷ ನಾನು ಕನ್ನಡ ಮಾತಾಡುತ್ತಿದ್ದುದು ಭಾನುವಾರ ಬೆಳಿಗ್ಗೆ ಮಾತ್ರ. ದಿಲ್‌ಸುಖ್‌ನಗರದ ಒಂದು ಎಸ್‌ಟಿಡಿ ಬೂತಿನೊಳಗೆ ಬಾಗಿಲು ಹಾಕಿಕೊಂಡು, ಮೈಸೂರಿನಲ್ಲಿದ್ದ ಅಮ್ಮನ ಜೊತೆ. ಆಫೀಸಿನಲ್ಲಿ ಇಂಗ್ಲಿಷ್, ರೂಮಿನಲ್ಲಿ ಹಿಂದಿ. ಕಿರಾಣಿ ಅಂಗಡಿಯಲ್ಲಿ ಬೆರಳು ತೋರಿಸಿದರೆ ಸಾಕಾಗುತ್ತಿತ್ತು. ಊರಿನ ಪಶ್ಚಿಮಕ್ಕೆ ಬಂಡೆ ಸೀಳಿ ಸೀಳಿ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ ಅದು. ನಮ್ಮ ಆಫೀಸು ಅಂಥದೇ ಒಂದು ಹೊಸ ಕಟ್ಟಡದಲ್ಲಿತ್ತು. ಅದರ ಕಿಟಕಿಯಿಂದ ನೋಡಿದರೆ ಕೆಲಸವಷ್ಟೇ ಕಾಣುತ್ತಿತ್ತು ಎಂದು ಆಗ ನಾನು ಗೆಳೆಯರಿಗೆ ಹೇಳಿಕೊಂಡು ತಿರುಗುತ್ತಿದ್ದೆ.

ದಸರೆಗೆ ಊರಿಗೆ ಹೋಗಲು ಟಿಕೆಟ್ ಮಾಡಿಸೋಣವೆಂದು ಕಾಚಿಗೂಡ ಸ್ಟೇಷನ್ನಿನಲ್ಲಿ ಕ್ಯೂ ನಿಂತಿದ್ದೆ. ನನ್ನ ಸರದಿ ಹತ್ತಿರ ಬಂತು ಅನ್ನುವಾಗ ಕೌಂಟರಿನವರು ಊಟಕ್ಕೆ ಎದ್ದು ಹೋದರು. ನಾನು ಏನೋ ಗೊಣಗಿದೆ. ಮುಂದೆ ನಿಂತಿದ್ದವನು ತಿರುಗಿ, "ಕನ್ನಡದವರೇನ್ರಿ?" ಅಂದ. ರಾಯಚೂರು ಕಡೆಯವನು, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ. ಕೌಂಟರು ಮತ್ತೆ ತೆರೆಯುವತನಕ ನಾವು ಮಾತಾಡಿದೆವು. ದಸರೆ ಕಳೆದ ಮೇಲೆ ಕ್ಯಾಂಪಸ್ಸಿನಲ್ಲಿ ಕಲಾ ಸಪ್ತಾಹ ಇರುತ್ತದೆಂದೂ, ಒಂದೊಂದು ಸಂಜೆ ಒಂದೊಂದು ಭಾಷೆಯ ನಾಟಕವೆಂದೂ, ಕನ್ನಡದ್ದನ್ನು ತಾನೇ ಬರೆದು ಆಡಿಸುತ್ತಿರುವುದಾಗಿಯೂ ಹೇಳಿದ. ತಾಲೀಮು ನೋಡಲು ಬರಬೇಕೆಂದು ಕರೆದ.

ನಾನು ಹೋದೆ. ಮಳೆ ನಿಂತು ಆಕಾಶ ತೊಳೆದಂತಿದ್ದ ದಿನಗಳು. ಕ್ಯಾಂಪಸ್ಸಿನ ತುಂಬ ಬಂಡೆಗಳು, ಬಂಡೆಗಳ ಸಂದಿನಲ್ಲಿ ಸೀತಾಫಲದ ಗಿಡಗಳು. ಹುಡುಗರು ಹಣ್ಣು ಕಿತ್ತು ತಂದು, ತಿನ್ನುತ್ತ, ಬೀಜ ಉಗುಳುತ್ತ ತಾಲೀಮು ಮಾಡುತ್ತಿದ್ದರು. ನಾಟಕದಲ್ಲಿ ಎರಡೇ ಪಾತ್ರ: ರೈಲು ತಪ್ಪಿಸಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ಕೂತ, ವಯಸ್ಸಾದ ಗಂಡ ಹೆಂಡತಿ. ಯಾರಿಂದ ರೈಲು ತಪ್ಪಿತು ಎಂದು ಇಬ್ಬರೂ ಜಗಳವಾಡುತ್ತಾರೆ. ಕೊನೆಗೆ ಗಂಡ ನಿಜ ಹೇಳುತ್ತಾನೆ. ತುಂಬಿದ ಮನೆಯಲ್ಲಿ ಹೆಂಡತಿಯ ಜೊತೆ ನಾಲ್ಕು ಮಾತಾಡಲು ಆಗುವುದಿಲ್ಲವೆಂದು ಅವನು ಬೇಕೆಂತಲೇ ರೈಲು ತಪ್ಪಿಸಿರುತ್ತಾನೆ.

ಹೆಂಡತಿಯ ಪಾತ್ರ ಮಾಡುತ್ತಿದ್ದವಳು ವರಂಗಲ್ಲಿನ ಹುಡುಗಿ, ರಂಗಭೂಮಿಯ ವಿದ್ಯಾರ್ಥಿನಿ. ಅವಳಿಗೆ ಕನ್ನಡವೇ ಬರುತ್ತಿರಲಿಲ್ಲ. ಒಪ್ಪಿಕೊಳ್ಳುವ ಕನ್ನಡದ ಹುಡುಗಿ ಯಾರೂ ಸಿಗದೆ ರಾಯಚೂರಿನವನು ಕೈಚೆಲ್ಲಿದಾಗ, ತಾನು ಮಾಡುತ್ತೇನೆಂದು ತಾನಾಗಿಯೇ ಬಂದಿದ್ದಳು. ಅವನು ಓದಿ ಹೇಳಿದ್ದನ್ನು ಕೇಳಿ ಕೇಳಿ ಕಲಿತಿದ್ದಳು. ಕಲಿತದ್ದು ಅವನ ರಾಯಚೂರಿನ ಮಾತು. ಅವಳು ಸೊಂಟಕ್ಕೆ ಕೈಯಿಟ್ಟು "ಎಷ್ಟಂತ ಸುಳ್ಳ ಹೇಳ್ತೀರಿ?" ಎಂದರೆ ಅವಳಿಗೆ ಕನ್ನಡ ಬರುವುದಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ನಾಟಕಕ್ಕೆ ಒಂದು ವಾರ ಉಳಿದಿರುವಾಗ ಗಂಡನ ಪಾತ್ರದವನಿಗೆ ಕಂಪನಿಯೊಂದರಿಂದ ಕೆಲಸದ ಕರೆ ಬಂತು. ಚೆನ್ನೈನಲ್ಲಿ ತರಬೇತಿ, ಕೂಡಲೇ ಹೊರಡಬೇಕು. ಅವನನ್ನು ಯಾರೂ ತಡೆಯಲಿಲ್ಲ. ಆ ಕಾಲದಲ್ಲಿ ಅಂಥ ಕರೆಗಾಗಿಯೇ ಎಲ್ಲರೂ ಕಾಯುತ್ತಿದ್ದರು. ಉಳಿದ ಮೂವರೂ ಬಂಡೆಯ ಮೇಲೆ ಕೂತಿದ್ದೆವು. ರಾಯಚೂರಿನವನು ನನ್ನ ಕಡೆ ನೋಡಿದ.

"ನೀವ ಮಾಡ್ರಿ. ಬ್ಯಾರೆ ಯಾರದಾರ?"

ನಾನು ಶಾಲೆಯಲ್ಲಿ ಕೂಡ ಬಣ್ಣ ಹಚ್ಚಿದವನಲ್ಲ. ನನ್ನದು ಮೈಸೂರು ಮಾತು, ನಿಮ್ಮ ನಾಟಕಕ್ಕೆ ಹೊಂದುವುದಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ.

"ನಿಮ್ಮ ಮಾತು ನಿಮಗಿರಲಿ ಬಿಡ್ರಿ. ಮೈಸೂರಿನ ಗಂಡ, ರಾಯಚೂರಿನ ಹೆಂಡತಿ. ಜಗಳಾ ಇನ್ನಾ ಛಲೋ ಆಗ್ತೈತಿ," ಅಂದ.

ಅವನು ಹೇಳಿದ ಹಾಗೆಯೇ ಆಯಿತು. ಮರುದಿನದಿಂದ ನಾನು "ತುಂಬ" ಅಂದರೆ ಅವಳು "ಭಾಳ" ಅಂತ ತಿದ್ದುವಳು. ನಾನು ಏನಾದರೂ ಹೇಳಿದರೆ ಅದನ್ನೇ ನನ್ನ ಧಾಟಿಯಲ್ಲಿ ಹೇಳಿ, ಕೊನೆಗೆ "ಅಂತೀರಲ್ರಿ" ಎಂದು ಸೇರಿಸಿ ಅಣಕಿಸುವಳು. ಆಫೀಸಿನಲ್ಲಿ ನಮ್ಮ ಟೀಮಿನ ಮುಖ್ಯಸ್ಥೆಗೆ ವಿಷಯ ಹೇಳಿದಾಗ ಆಕೆ ಅಷ್ಟು ದಿನವೂ ನನ್ನನ್ನು ಬೇಗ ಬಿಟ್ಟರು. ಉಳಿದ ಕೆಲಸವನ್ನು ತಾವೇ ಮುಗಿಸುತ್ತಿದ್ದರೆಂದು ನನಗೆ ಗೊತ್ತಾದದ್ದು ಆಮೇಲೆ.

ನಾಟಕದ ಸಂಜೆ ಬಯಲು ರಂಗಮಂದಿರದ ಮೆಟ್ಟಿಲುಗಳು ತುಂಬಿದ್ದವು. ಕನ್ನಡ ಬಲ್ಲವರು ಒಂದು ಮೂಲೆಯಲ್ಲಿ ಸ್ವಲ್ಪ ಜನ. ಉಳಿದವರು ಸುಮ್ಮನೆ ನಾಟಕ ನೋಡಲು ಬಂದ ವಿದ್ಯಾರ್ಥಿಗಳು. ಶುರುವಿನಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಜನ ನಗುವುದು ಕೇಳಿ ನನಗೂ ಧೈರ್ಯ ಬಂದಿತ್ತು. ಕೊನೆಯ ದೃಶ್ಯ ಬಂತು. ನಾನು ಟ್ರಂಕಿನ ಮೇಲೆ ಕೂತು, ತಲೆ ತಗ್ಗಿಸಿ, ನಿಜ ಹೇಳಬೇಕು. ತಲೆ ತಗ್ಗಿಸಿದೆ. ಮಾತು ಬರಲಿಲ್ಲ. ಮರೆತೇ ಹೋಗಿತ್ತು. ಒಂದು ಶಬ್ದವೂ ನೆನಪಾಗಲಿಲ್ಲ. ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು.

ಅವಳು ತನ್ನ ಜಾಗ ಬಿಟ್ಟು ಬಂದಳು. ಟ್ರಂಕಿನ ಮೇಲೆ ನನ್ನ ಪಕ್ಕ ಕೂತು, ಸೀರೆಯ ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡದೆ ಹೇಳಿದಳು:

"'ಮನೇಲಿ ಎಲ್ಲರೂ ಇರ್ತಾರೆ, ನಿನ್ನ ಜೊತೆ ಮಾತಾಡೋಕೇ ಆಗಲ್ಲ' ಅಂತೀರಲ್ರಿ."

ಅದು ನನ್ನ ಮಾತು. ನನ್ನದೇ ಮೈಸೂರಿನ ಧಾಟಿಯಲ್ಲಿ ಹೇಳಿ, ತನಗೆ ಗೊತ್ತಿದ್ದ ಆ ಒಂದು ಬಾಲವನ್ನು ಸೇರಿಸಿದ್ದಳು. ಜನ ನಕ್ಕರು, ಆಮೇಲೆ ತಟ್ಟನೆ ಸುಮ್ಮನಾದರು. ಹೆಂಡತಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು ಎಂದು ಅವರಿಗೆ ಅನ್ನಿಸಿರಬೇಕು. ನನಗೆ ದಾರಿ ಸಿಕ್ಕಿತು.

"ಹೌದು," ಅಂದೆ. "ಅದಕ್ಕೇ ನಿಧಾನ ಮಾಡಿದೆ. ರೈಲು ಹೋಗ್ಲಿ ಅಂತ."

ನಾಟಕ ಮುಗಿದ ಮೇಲೆ ರಾಯಚೂರಿನವನು ನಮ್ಮಿಬ್ಬರ ಕೈಯನ್ನೂ ಹಿಡಿದುಕೊಂಡ. ತಾನು ಬರೆದದ್ದಕ್ಕಿಂತ ಇದೇ ಚೆನ್ನಾಗಿದೆ, ಇನ್ನು ಮುಂದೆ ಹೀಗೇ ಇರಲಿ ಎಂದ. ನಾನು ಮರೆತದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮಾತ್ರ ಎತ್ತಲೇ ಇಲ್ಲ.

ನನ್ನ ಮಾತು ನಿನಗೆ ಹೇಗೆ ಬಂತು ಎಂದು ನಾನು ಅವಳನ್ನು ಹಿಂದಿಯಲ್ಲಿ ಕೇಳಿದೆ. ಭಾಷೆ ಗೊತ್ತಿಲ್ಲದವಳಿಗೆ ಎದುರಿನವನ ಮಾತು ಎಲ್ಲಿ ಮುಗಿಯುತ್ತದೆಂದು ಹೇಗೆ ತಿಳಿಯಬೇಕು, ಅದಕ್ಕೇ ನಿನ್ನದನ್ನೂ ಪೂರ್ತಿ ಬಾಯಿಪಾಠ ಮಾಡಿದ್ದೆ ಎಂದಳು. ಇದರಲ್ಲಿ ಕೇಳುವಂಥದ್ದೇನಿದೆ ಅನ್ನುವ ಹಾಗೆ ಹೇಳಿದಳು.

ಅಷ್ಟರಲ್ಲಿ ಬೇಗಂ ಬಜಾರಿನಲ್ಲಿ ಅಂಗಡಿ ಇಟ್ಟಿದ್ದ ಬೀದರ್ ಕಡೆಯ ಹಿರಿಯರೊಬ್ಬರು ಹೆಂಡತಿಯ ಜೊತೆ ಹತ್ತಿರ ಬಂದರು. ಆ ತಾಯಿ ಹುಡುಗಿಯ ಗಲ್ಲ ಸವರಿ, "ನಿಮ್ಮದು ರಾಯಚೂರಾಗ ಯಾವ ಓಣಿ ಅವ್ವಾ?" ಎಂದು ಕೇಳಿದರು. ಅವಳಿಗೆ ಅರ್ಥವಾಗಲಿಲ್ಲ. ಇವಳಿಗೆ ಕನ್ನಡವೇ ಬರುವುದಿಲ್ಲ, ವರಂಗಲ್ಲಿನವಳು ಎಂದು ನಾನು ಹೇಳಿದೆ. ಆಕೆ ನಂಬಲಿಲ್ಲ. ತಮ್ಮ ಮೊಮ್ಮಕ್ಕಳು ಮನೆಯಲ್ಲೂ ತೆಲುಗೇ ಮಾತಾಡುತ್ತಾರೆ, ಇವಳು ನೋಡಿದರೆ ಹೀಗೆ ಮಾತಾಡುತ್ತಾಳೆ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ರೂಮಿಗೆ ಹೋಗುವ ಬಸ್ಸಿನಲ್ಲಿ ಕೂತಾಗ ನನಗೆ ಅನ್ನಿಸಿದ್ದು ಇಷ್ಟು: ನನ್ನನ್ನು ಉಳಿಸಲು ಅವಳ ಹತ್ತಿರ ಆ ನಾಟಕದ ಮಾತುಗಳ ಹೊರತು ಕನ್ನಡದ ಒಂದು ಶಬ್ದವೂ ಇರಲಿಲ್ಲ. ನಾನೋ ವರ್ಷವಿಡೀ ಅವಳ ನಾಡಿನ ಗಾಳಿ ಕುಡಿದು, ಉಪ್ಪು ಕೇಳಲು ಕೂಡ ಬೆರಳು ತೋರಿಸುತ್ತಿದ್ದೆ. ಮರುವಾರವೇ ರೂಮಿನ ಗೆಳೆಯನ ಹತ್ತಿರ ತೆಲುಗು ಕಲಿಯಲು ಕೂತೆ.

ರಾಯಚೂರಿನವನು ಈಗ ಊರ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಅವಳು ವರಂಗಲ್ಲಿನಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾಳೆ. ನಾನು ಇಲ್ಲೇ ಉಳಿದೆ. ಇದು ನನ್ನ ಊರೇ ಆಯಿತು. ಆ ನಾಟಕದ ಮುಂದಿನ ವರ್ಷ, ಸೀತಾಫಲದ ಕಾಲಕ್ಕೆ, ಅವಳು ತೆಲುಗಿನಲ್ಲಿ ಒಂದು ನಾಟಕ ಆಡಿಸಿದಳು. ಅದರಲ್ಲಿ ಪೋಸ್ಟ್‌ಮ್ಯಾನಿನ ಪಾತ್ರ ನನಗೆ ಕೊಟ್ಟಳು. ಮೂರೇ ಮಾತು ಇದ್ದದ್ದು. ಮೂರನ್ನೂ ಸರಿಯಾಗಿ ಹೇಳಿದೆ.