ಅಪ್ಪ ತುಂಬಿಸಿದ ಸ್ಲ್ಯಾಮ್ ಬುಕ್

ನಮ್ಮಪ್ಪನಿಗೆ ಕಳೆದ ತಿಂಗಳು ಅರವತ್ತು ತುಂಬಿತು. ಮನೆಯಲ್ಲಿ ಜಗಳ ಶುರುವಾಗಿದ್ದು ಅದಕ್ಕೂ ಒಂದು ತಿಂಗಳು ಮುಂಚೆ.

ಜಗಳ ಆಸ್ತಿಗಲ್ಲ, ಅಡುಗೆಯವರ ವಿಷಯಕ್ಕೂ ಅಲ್ಲ. ಬಂದವರು ಊಟ ಮಾಡಿ ಹೊರಡುವಾಗ ಅವರ ಕೈಗೆ ಏನು ಕೊಡುವುದು? ಅಷ್ಟೇ.

ಅದೊಂದು ಭಾನುವಾರ ಭದ್ರಾವತಿಯ ಹೊಸಮನೆಯಲ್ಲಿರುವ ಅಪ್ಪನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಅಣ್ಣ, ಅತ್ತಿಗೆ ಅಲ್ಲೇ ಇರುವವರು. ನಾನು ಮತ್ತು ನನ್ನ ಮಗಳು ಚೈತ್ರಾ ಶಿವಮೊಗ್ಗದ ವಿದ್ಯಾನಗರದಿಂದ ಬಸ್ಸಿನಲ್ಲಿ ಬಂದಿದ್ದೆವು. ಕಾರ್ಯಕ್ರಮದ ಪಟ್ಟಿ ಐದೇ ನಿಮಿಷದಲ್ಲಿ ತಯಾರಾಯಿತು. ಬೆಳಿಗ್ಗೆ ಅಯ್ಯನವರನ್ನು ಕರೆಸಿ ಪೂಜೆ, ಮಧ್ಯಾಹ್ನ ಊಟ, ಸಂಜೆ ಮೊಮ್ಮಕ್ಕಳ ಸಂತೋಷಕ್ಕೆ ಕೇಕು. ಆಮೇಲೆ ಯಾರೋ ‘ರಿಟರ್ನ್ ಗಿಫ್ಟ್’ ಅಂದರು ನೋಡಿ, ಮನೆಯಲ್ಲಿ ನಾಲ್ಕು ಪಕ್ಷಗಳಾದವು.

ಅಣ್ಣ ಪ್ಲಾಸ್ಟಿಕ್ ಡಬ್ಬಿಗಳ ಸೆಟ್ ಅಂದ. ಅತ್ತಿಗೆಗೆ ಅಪ್ಪನ ಹೆಸರು ಕೊರೆಸಿದ ಸ್ಟೀಲ್ ಬಟ್ಟಲು ಆಗಬೇಕು. ಶುಭಕಾರ್ಯಕ್ಕೆ ಬಂದವರು ದೇವರ ಸಾಮಾನು ತೆಗೆದುಕೊಂಡೇ ಹೋಗಬೇಕು, ಆದ್ದರಿಂದ ಎಲ್ಲರಿಗೂ ಒಂದೊಂದು ವಿಭೂತಿ ಗಟ್ಟಿ ಎಂದು ಅಮ್ಮ. ಐದನೇ ಕ್ಲಾಸಿನ ಚೈತ್ರಾ ಪುಟ್ಟ ಡೈರಿ ಮತ್ತು ಜೆಲ್ ಪೆನ್ ಕೊಡೋಣ ಎಂದಳು. (ಆ ವಯಸ್ಸಿನಲ್ಲಿ ಜೆಲ್ ಪೆನ್ನಿನಿಂದ ಬಗೆಹರಿಯದ ಸಮಸ್ಯೆಯೇ ಇಲ್ಲ.)

ಅಪ್ಪ ಪೇಪರ್ ಓದುತ್ತ ಕೂತಿದ್ದರು. ನಿಮಗೇನು ಇಷ್ಟ ಎಂದು ಕೇಳಿದೆವು.

“ಏನಾದ್ರೂ ಕೊಡ್ರಪ್ಪ. ಕೊಡೋದು ಏನು ಅಂತ ಬಿಚ್ಚಿ ನೋಡಿ ಕೊಡಿ, ಸಾಕು.”

ಅಮ್ಮ ಎದ್ದು ಅಡುಗೆಮನೆಗೆ ಹೋದಳು.

ಆ ಒಂದು ಮಾತಿಗೆ ಅಮ್ಮ ಯಾಕೆ ಎದ್ದುಹೋದಳು ಎಂದು ತಿಳಿಯಬೇಕಾದರೆ, ನಿಮ್ಮನ್ನು ಒಂಬತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಗಬೇಕು.

ಅಣ್ಣನ ಮದುವೆ. ಆಗ ಇನ್ನೂ ಅಪ್ಪ ಕಾರ್ಖಾನೆಯ ಕೆಲಸದಲ್ಲಿದ್ದರು, ಮನೆ ಕ್ವಾರ್ಟರ್ಸಿನಲ್ಲಿತ್ತು. ಮದುವೆಗೆ ಬಂದ ಉಡುಗೊರೆಗಳಲ್ಲಿ ಬಿಚ್ಚಿದ್ದೆಲ್ಲ ಗೋಡೆ ಗಡಿಯಾರ, ಇಲ್ಲವೇ ಲೆಮನ್ ಸೆಟ್. ಒಂದು ಗಾಜಿನ ಜಗ್ಗು, ಆರು ಲೋಟ. ಲೆಮನ್ ಸೆಟ್ಟಿನಲ್ಲಿ ನಿಂಬೆಹಣ್ಣಿನ ಶರಬತ್ತು ಕುಡಿದವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ಅದು ಕುಡಿಯುವ ವಸ್ತುವೇ ಅಲ್ಲ, ಒಂದು ಮದುವೆಯಿಂದ ಇನ್ನೊಂದು ಮದುವೆಗೆ ಊರೆಲ್ಲ ಸುತ್ತುವ ವಸ್ತು. ಒಂಬತ್ತನೇ ಗಡಿಯಾರಕ್ಕೆ ಬರುವಷ್ಟರಲ್ಲಿ ಎಲ್ಲರಿಗೂ ಸಾಕಾಗಿ, ಉಳಿದ ಡಬ್ಬಗಳನ್ನು ಬಿಚ್ಚದೆ ಹಾಗೇ ಅಟ್ಟಕ್ಕೆ ಹಾಕಿದೆವು.

ಮೂರು ತಿಂಗಳಾದ ಮೇಲೆ ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರು ಜನ್ನಾಪುರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಹೊರಡುವ ಗಡಿಬಿಡಿ. ಬರಿಗೈಯಲ್ಲಿ ಹೋಗುವುದು ಹೇಗೆ? ಅಮ್ಮ ಅಟ್ಟದಿಂದ ಒಂದು ಡಬ್ಬ ಇಳಿಸಿದಳು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಟಿಕ್ ಟಿಕ್ ಇಲ್ಲ, ಗಾಜಿನ ಸದ್ದೂ ಇಲ್ಲ. ಹೆಸರಿನ ಚೀಟಿಯನ್ನು ಓದದೆಯೇ ಕಿತ್ತು ಅಪ್ಪನ ಕೈಗೆ ಕೊಟ್ಟಳು. ಪೇಟೆಯಿಂದ ತಂದದ್ದು ಎಂದುಕೊಂಡು ಅಪ್ಪ ಅದನ್ನು ಒಯ್ದು ಆ ಮನೆಯವರ ಕೈಗೆ ಕೊಟ್ಟರು.

ಅದರೊಳಗೆ ಇದ್ದದ್ದು ತೇಗದ ಮರದ ದೇವರ ಮಂಟಪ. ಒಂದು ಮೊಳ ಎತ್ತರ, ಎರಡೂ ಕಡೆ ಗರಿ ಇಳಿಬಿಟ್ಟ ನವಿಲು. ಮುರುಗೇಶ ಮಾಮ ತಿಂಗಳುಗಟ್ಟಲೆ ಭಾನುವಾರಗಳನ್ನು ಹಾಕಿ ಅಣ್ಣನ ಮದುವೆಗೆಂದೇ ಯಾರಿಗೂ ಹೇಳದೆ ತಮ್ಮ ಕೈಯಾರೆ ಕೆತ್ತಿದ್ದು.

ಮುರುಗೇಶ ಮಾಮ ಅಪ್ಪನ ಜೀವದ ಗೆಳೆಯ. ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಬಡಗಿ. ಎರಕ ಹೊಯ್ಯುವುದಕ್ಕೆ ಮೊದಲು ಮರದಲ್ಲಿ ಅಚ್ಚಿನ ಮಾದರಿ ಮಾಡುತ್ತಾರಲ್ಲ, ಆ ಕೆಲಸ. ಕ್ವಾರ್ಟರ್ಸಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಮನೆಯ ತಮಿಳು ನಮಗೆ ಬರುತ್ತಿತ್ತು, ನಮ್ಮ ಮನೆಯ ಹೋಳಿಗೆ ಅವರಿಗೆ ಹೋಗುತ್ತಿತ್ತು. ನಿವೃತ್ತಿಯಾದ ಮೇಲೂ ಹತ್ತಿರ ಇರಬೇಕೆಂದು ಇಬ್ಬರೂ ಸೇರಿ ಹೊಸಮನೆಯಲ್ಲಿ ಸೈಟು ನೋಡಿ ತೆಗೆದುಕೊಂಡಿದ್ದರು.

ಗೃಹಪ್ರವೇಶದ ಮನೆಯವರಿಗೆ ಮಂಟಪ ಎಷ್ಟು ಹಿಡಿಸಿತೆಂದರೆ, ಅವತ್ತೇ ಬಿಚ್ಚಿ ದೇವರಮನೆಯಲ್ಲಿ ಇಟ್ಟುಬಿಟ್ಟರು. ಮಧ್ಯಾಹ್ನ ಬಂದ ಮುರುಗೇಶ ಮಾಮ ಅದರ ಮುಂದೆ ನಿಂತುಕೊಂಡರು. ಯಾರು ಕೊಟ್ಟಿದ್ದು ಎಂದು ಕೇಳಿದರು. ಮನೆಯವರು ಖುಷಿಯಿಂದ ಅಪ್ಪನ ಕಡೆ ಕೈ ತೋರಿಸಿದರು.

ಅಪ್ಪ ಮಂಟಪ ನೋಡಿದರು, ಯಾರ ಕೈಕೆಲಸ ಎಂದು ಗುರುತು ಹತ್ತಿತು. ಅಮ್ಮನ ಮುಖ ನೋಡಿದರು. ನಡೆದದ್ದೇನು ಎಂದು ಆ ಕ್ಷಣದಲ್ಲೇ ಅವರಿಗೆ ತಿಳಿಯಿತು. ಅಷ್ಟು ಜನರ ಎದುರು ಅಮ್ಮನ ಮರ್ಯಾದೆ ಹೋಗಬಾರದೆಂದು ಬಾಯಿಗೆ ಬಂದದ್ದು ಹೇಳಿಬಿಟ್ಟರು: “ಹೌದು, ನಾನೇ ಕೊಟ್ಟೆ. ಕ್ವಾರ್ಟರ್ಸಲ್ಲಿ ಇದನ್ನೆಲ್ಲ ಇಡೋಕೆ ಜಾಗ ಎಲ್ಲಿದೆ?”

ಮುರುಗೇಶ ಮಾಮ ಊಟಕ್ಕೆ ಕೂರದೆ ಹೊರಟುಹೋದರು. ಅವತ್ತಿನಿಂದ ಮಾತಿಲ್ಲ.

ಜೊತೆಯಾಗಿ ತೆಗೆದುಕೊಂಡ ಸೈಟುಗಳಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಮನೆ ಕಟ್ಟಿಸಿದರು. ನಡುವೆ ಎರಡೇ ಬೀದಿ. ಅಪ್ಪ ಆರು ಗಂಟೆಗೆ ಹಾಲು ತರಲು ಹೋದರೆ, ಮಾಮ ಆರೂವರೆಗೆ ಹೋಗುತ್ತಿದ್ದರು. ಮನೆಯಲ್ಲಿ ಆ ಹೆಸರು ಯಾರೂ ಎತ್ತುತ್ತಿರಲಿಲ್ಲ. ಅಪ್ಪ ಮರೆತಿದ್ದಾರೆ ಎಂದು ನಾವು ಅಂದುಕೊಂಡೆವು. ನಮಗೆ ಅನುಕೂಲವಾದದ್ದನ್ನೇ ಅಲ್ಲವೇ ನಾವು ಅಂದುಕೊಳ್ಳುವುದು?

ಈಗ ಮತ್ತೆ ಆ ಭಾನುವಾರಕ್ಕೆ ಬನ್ನಿ. ರಿಟರ್ನ್ ಗಿಫ್ಟ್ ಜಗಳದಿಂದ ಬೇಸರವಾದ ಚೈತ್ರಾ ಬ್ಯಾಗಿನಿಂದ ತನ್ನ ಸ್ಲ್ಯಾಮ್ ಬುಕ್ ತೆಗೆದಳು. ನಿಮ್ಮ ಮನೆಯಲ್ಲೂ ಶಾಲೆಗೆ ಹೋಗುವ ಮಕ್ಕಳಿದ್ದರೆ ಗೊತ್ತಿರುತ್ತದೆ. ಬಣ್ಣದ ಹಾಳೆಗಳ ಪುಸ್ತಕ, ಒಬ್ಬೊಬ್ಬರಿಗೂ ಒಂದೊಂದು ಪುಟ. ನಿಕ್ ನೇಮ್ ಏನು, ಫೇವರಿಟ್ ಕಲರ್ ಯಾವುದು, ಬೆಸ್ಟ್ ಫ್ರೆಂಡ್ ಯಾರು ಎಂದೆಲ್ಲ ಅಚ್ಚಾಗಿರುತ್ತದೆ, ಫ್ರೆಂಡ್ಸ್ ತುಂಬಿಸಿಕೊಡಬೇಕು. ತನ್ನ ಕ್ಲಾಸಿನವರೆಲ್ಲ ಬರೆದಾಗಿತ್ತು. ಈಗ ಅಜ್ಜನ ಸರದಿ.

ಅಪ್ಪ ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡು, ಪುಸ್ತಕ ಹಿಡಿದು ಹೊರಗಿನ ಜಗಲಿಯಲ್ಲಿ ಕೂತರು. ಪ್ರಶ್ನೆಗಳ ಅರ್ಥವನ್ನು ಮೊಮ್ಮಗಳಿಂದ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಒಂದು ಪುಟಕ್ಕೆ ಇಡೀ ಮಧ್ಯಾಹ್ನ ತೆಗೆದುಕೊಂಡರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅದನ್ನು ಓದಿದೆ. ಫೇವರಿಟ್ ಕಲರ್: ಖಾಕಿ. (ಮೂವತ್ತು ವರ್ಷಕ್ಕೂ ಹೆಚ್ಚು ಹಾಕಿದ ಬಣ್ಣ ಅದೊಂದೇ.) ಆಂಬಿಷನ್: ಮುಗಿದಿದೆ. ಜೋರಾಗಿ ನಕ್ಕೆ, ಪಕ್ಕದ ಸೀಟಿನವರು ತಿರುಗಿ ನೋಡಿದರು.

ನಾಚಿಕೆಯಾದ ಸಂದರ್ಭ: ಜನ್ನಾಪುರದ ಗೃಹಪ್ರವೇಶ. ವಿವರ ಬೇಡ.

ಬೆಸ್ಟ್ ಫ್ರೆಂಡ್: ಮುರುಗೇಶ, ಪ್ಯಾಟರ್ನ್ ಶಾಪ್. ಅದರ ಮುಂದೆ ಬ್ರಾಕೆಟ್ಟಿನಲ್ಲಿ, ಸಣ್ಣ ಅಕ್ಷರದಲ್ಲಿ: ಈಗ ಮಾತಿಲ್ಲ.

ಬಸ್ಸು ಶಿವಮೊಗ್ಗಕ್ಕೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಇಳಿಯಮ್ಮಾ ಎಂದು ಮಗಳೇ ಎಬ್ಬಿಸಿದಳು.

ಮುಂದಿನ ಶನಿವಾರ ಮತ್ತೆ ಭದ್ರಾವತಿಗೆ ಹೋದೆ. ಸ್ಲ್ಯಾಮ್ ಬುಕ್ ತುಂಬಾ ಪರ್ಸನಲ್, ಯಾರಿಗೂ ತೋರಿಸಬಾರದು ಎಂದು ಚೈತ್ರಾ ಹಟ ಹಿಡಿದಿದ್ದಳು. ಅಜ್ಜಿಗೆ ಮಾತ್ರ ಎಂದು ಒಪ್ಪಿಸಿ ತಂದಿದ್ದೆ. ಅಪ್ಪ ಹೊರಗೆ ಹೋಗಿದ್ದರು. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ಆ ಪುಟವನ್ನು ಓದಿ ಹೇಳಿದೆ.

ಅಮ್ಮನ ಕೈ ನಿಂತಿತು. ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

“ಅವತ್ತೇ ಹೋಗಿ ಹೇಳ್ತೀನಿ ಅಂದಿದ್ದೆ ಕಣೇ. ನಿಮ್ಮಪ್ಪ ಬಿಡ್ಲಿಲ್ಲ. ನಿನ್ನ ಹೆಸರು ಬರೋದು ಬೇಡ ಅಂದ್ರು. ನಂಗೂ ಅದೇ ಬೇಕಾಗಿತ್ತು ಅನ್ಸುತ್ತೆ, ಸುಮ್ನಾಗ್ಬಿಟ್ಟೆ.”

ಅಷ್ಟು ಹೇಳಿ ಕೈ ತೊಳೆದುಕೊಂಡಳು. ಸೀರೆ ಬದಲಾಯಿಸಿದಳು. ಕುಂಕುಮದ ಬಟ್ಟಲು, ಒಂದು ಆಮಂತ್ರಣ ಪತ್ರಿಕೆ ತೆಗೆದುಕೊಂಡು, ನಡಿ ಎಂದಳು. ಈಗಲೇ? ಈಗಲೇ.

ಮುರುಗೇಶ ಮಾಮ ಮನೆಯ ಮುಂದೆ ಒಂದು ಹಲಗೆಗೆ ಉಜ್ಜುಗೊರಡು ಹಾಕಿ ನಯ ಮಾಡುತ್ತಿದ್ದರು. ನಮ್ಮನ್ನು ನೋಡಿ ಕೈ ನಿಲ್ಲಿಸಿದರು. ಅವರ ಹೆಂಡತಿ ಸೆಲ್ವಿಯಮ್ಮ ಒಳಗಿನಿಂದ ಬಂದು ಏನೂ ಕೇಳದೆ ಚಾಪೆ ಹಾಸಿದರು. ಅಮ್ಮ ಕೂರಲಿಲ್ಲ.

“ಮುರುಗೇಶಣ್ಣ, ಆ ಮಂಟಪ ಅಟ್ಟದಿಂದ ತೆಗೆದುಕೊಟ್ಟಿದ್ದು ನಾನು. ಪೇಪರ್ ಬಿಚ್ಚಿ ಕೂಡ ನೋಡಿರ್ಲಿಲ್ಲ. ಅವರಿಗೆ ಗೊತ್ತೇ ಇರ್ಲಿಲ್ಲ.”

ಮಾಮ ತೊಡೆಯ ಮೇಲಿನ ಮರದ ಹೊಟ್ಟು ಕೊಡವಿದರು. “ಗೊತ್ತಕ್ಕ. ಬಿಚ್ಚಿ ನೋಡಿದ್ರೆ ನೀವು ಕೊಡ್ತಿರ್ಲಿಲ್ಲ. ಅವನೂ ಕೊಡ್ತಿರ್ಲಿಲ್ಲ.”

ಹಾಗಾದರೆ ಒಂಬತ್ತು ವರ್ಷ ಯಾಕೆ ಮಾಮ ಎಂದೆ. ತಡೆಯಲಾಗಲಿಲ್ಲ.

ಅವರು ನಿಧಾನವಾಗಿ ಹೇಳಿದರು. ಉಡುಗೊರೆ ಕೈ ಬದಲಾಯಿಸುವುದು ದೊಡ್ಡ ವಿಷಯವೇ ಅಲ್ಲ, ಅವರ ಮನೆಯಿಂದಲೂ ಎಷ್ಟೋ ಗಡಿಯಾರಗಳು ಹಾಗೇ ಹೋಗಿವೆ. ನೋವಾದದ್ದು ಅಪ್ಪ ಆಡಿದ ಮಾತಿಗೆ. “ಇಡೋಕೆ ಜಾಗ ಇಲ್ಲ ಅಂದ. ಎಲ್ಲರ ಎದುರಿಗೆ ಅಂದ. ಪಕ್ಕಕ್ಕೆ ಕರೆದು ಹಿಂಗಾಯ್ತು ಮಾರಾಯ ಅಂದಿದ್ರೆ ಇಬ್ರೂ ನಕ್ಕು ಊಟಕ್ಕೆ ಕೂತ್ಕೋತಿದ್ವಿ.” ಅಮ್ಮನನ್ನು ಕಾಪಾಡಲು ಹಾಗಂದದ್ದು ಎಂದು ಅವರಿಗೆ ಹೊಳೆಯಲು ವರ್ಷ ಹಿಡಿಯಿತಂತೆ. ಅಷ್ಟು ಹೊತ್ತಿಗೆ ಹಟ ಬೆಳೆದಿತ್ತು. ಅವನೇ ಬರಲಿ ಎಂದು ಇವರು ಕೂತರು. ಅಪ್ಪ ಯಾವ ಮುಖ ಇಟ್ಟುಕೊಂಡು ಬರುತ್ತಾರೆ?

ನಾನು ಸ್ಲ್ಯಾಮ್ ಬುಕ್ ಮುಂದೆ ಹಿಡಿದೆ. (ಚೈತ್ರಾ, ಕ್ಷಮಿಸು.) ಮಾಮ ಅದನ್ನು ದೂರಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ಓದಿದರು. ಆಂಬಿಷನ್ನಿಗೆ ಬಂದಾಗ ತುಟಿಯಲ್ಲಿ ನಗು ಬಂತು. ಆಮೇಲೆ ಬೆರಳು ಒಂದು ಸಾಲಿನ ಮೇಲೆ ಹೋಗಿ ಅಲ್ಲೇ ನಿಂತಿತು. ಹಿಂದಿನಿಂದ ಬಗ್ಗಿ ನೋಡುತ್ತಿದ್ದ ಸೆಲ್ವಿಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮಾಮ ಪುಸ್ತಕ ವಾಪಸ್ ಕೊಟ್ಟು ಊಟ ಎಷ್ಟು ಗಂಟೆಗೆ ಎಂದು ಮಾತ್ರ ಕೇಳಿದರು. ಬರುತ್ತೇನೆ ಎನ್ನಲಿಲ್ಲ.

ರಿಟರ್ನ್ ಗಿಫ್ಟಿನಲ್ಲಿ ಗೆದ್ದದ್ದು ಚೈತ್ರಾ. ಸ್ಲ್ಯಾಮ್ ಬುಕ್ ಬರೆದ ಮೇಲೆ ಅಪ್ಪ ತಾವಾಗಿಯೇ, ಬರೆಯೋ ಪುಸ್ತಕನೇ ಕೊಡಿ ಅಂದಿದ್ದರು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸುತ್ತಿ ಅಂಗೈ ಅಗಲದ ಡೈರಿ ಮತ್ತು ಜೆಲ್ ಪೆನ್ನುಗಳನ್ನು ತಂದೆವು. ಅಮ್ಮನಿಗೆ ಸಮಾಧಾನವಾಗಲಿ ಎಂದು ಅದೇ ಕವರಿಗೆ ಒಂದೊಂದು ವಿಭೂತಿ ಗಟ್ಟಿಯೂ ಬಿತ್ತು. ದೇವರಿಗೂ ಆಯಿತು, ಪಾರ್ಟಿಗೂ ಆಯಿತು. (ಅತ್ತಿಗೆಯ ತಂದೆ ಆ ಡೈರಿಯಲ್ಲಿ ಬಿ.ಪಿ. ಮಾತ್ರೆಯ ಟೈಮ್ ಬರೆಯುತ್ತಿದ್ದಾರಂತೆ. ಆಗಲಿ, ಅದೂ ಆತ್ಮಕಥೆಯೇ.)

ಹುಟ್ಟುಹಬ್ಬದ ದಿನ ಪೂಜೆಗೆ ಮುರುಗೇಶ ಮಾಮ ಬರಲಿಲ್ಲ. ಮೊದಲ ಪಂಕ್ತಿ ಮುಗಿಯಿತು, ಬರಲಿಲ್ಲ. ನಾವು ಹೋಗಿ ಕರೆದದ್ದನ್ನು ಅಪ್ಪನಿಗೆ ಹೇಳಿರಲಿಲ್ಲ. ಬರದೆ ಹೋದರೆ ಎರಡನೇ ಸಲ ನೋವಾಗಬಾರದು ಎಂದು ಅಮ್ಮನ ಆರ್ಡರ್. ಆದ್ದರಿಂದ ಅಮ್ಮ, ನಾನು ಮಾತ್ರ ಪಲ್ಯದ ಬಕೆಟ್ ಹಿಡಿದುಕೊಂಡು ಗೇಟಿನ ಕಡೆ ನೋಡುತ್ತಿದ್ದೆವು.

ಎರಡನೇ ಪಂಕ್ತಿಗೆ ಎಲೆ ಹಾಕುವಾಗ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಹಿಂದೆ ಸೆಲ್ವಿಯಮ್ಮ. ಅಪ್ಪ ಯಾರಿಗೋ ಪಾಯಸ ಬಡಿಸಿ ಎನ್ನುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಪೆಂಡಾಲಿನಲ್ಲಿದ್ದ ಕಾರ್ಖಾನೆಯ ಹಳಬರೆಲ್ಲ ಊಟ ಬಿಟ್ಟು ನೋಡತೊಡಗಿದರು.

ಅಪ್ಪ ಹೋಗಿ ಮಾಮನ ತೋಳು ಹಿಡಿದು ಕರೆತಂದು ಕೂರಿಸಿದರು. ತಮ್ಮ ಊಟ ಆಗಿದ್ದರೂ ಪಕ್ಕದ ಎಲೆಗೆ ತಾವೂ ಕೂತರು.

“ತಪ್ಪಾಯ್ತು ಮಾರಾಯ. ಅವತ್ತು ಹಂಗೆ ಅನ್ಬಾರ್ದಿತ್ತು.” ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದರು.

ಮಾಮ ಎಲೆಯ ಮೇಲಿನ ಪಲ್ಯವನ್ನು ಬಾಯಿಗಿಟ್ಟುಕೊಂಡರು. ಅಗಿದರು. “ಪಲ್ಯಕ್ಕೆ ಉಪ್ಪು ಕಮ್ಮಿ ಆಗಿದೆ ಕಣೋ” ಎಂದರು.

ಅಪ್ಪ ನಕ್ಕರು. ಆ ನಗು ನಾನು ಕೇಳಿ ಎಷ್ಟು ಕಾಲವಾಗಿತ್ತು ಎಂದು ಅವತ್ತೇ ನನಗೆ ಗೊತ್ತಾದದ್ದು. ಅಮ್ಮ ಉಪ್ಪು ತರುತ್ತೇನೆಂದು ಒಳಗೆ ಹೋದವಳು ಕಾಲು ಗಂಟೆಯಾದರೂ ಬರಲಿಲ್ಲ. ಹೋಗಿ ನೋಡಿದರೆ, ಸೆಲ್ವಿಯಮ್ಮನ ಕೈ ಹಿಡಿದುಕೊಂಡು ದೇವರಮನೆಯಲ್ಲಿ ಕೂತಿದ್ದಳು. ಉಪ್ಪನ್ನು ನಾನೇ ತೆಗೆದುಕೊಂಡು ಹೋದೆ.

ನಿನ್ನೆ ಬೆಳಿಗ್ಗೆ ಅಮ್ಮ ಫೋನ್ ಮಾಡಿದ್ದಳು. ಮುರುಗೇಶಣ್ಣ ದಿನಾ ನಾಲ್ಕು ಗಂಟೆಗೆ ಬರುತ್ತಾರೆ, ಬೀದಿ ದೀಪ ಹತ್ತುವವರೆಗೆ ಇಬ್ಬರೂ ಜಗಲಿ ಬಿಟ್ಟು ಏಳುವುದಿಲ್ಲ, ತಿಂಗಳಿಗೆಂದು ತಂದ ಕಾಫಿಪುಡಿ ಹತ್ತೇ ದಿನಕ್ಕೆ ಖಾಲಿ, ಬರುವಾಗ ಶಿವಮೊಗ್ಗದಿಂದ ತೆಗೆದುಕೊಂಡು ಬಾ ಎಂದು ದೂರು. ದೂರು ಹೇಳುವವರ ದನಿ ಅಷ್ಟು ಖುಷಿಯಾಗಿ ಇರುವುದನ್ನು ನಾನು ಕೇಳಿರಲಿಲ್ಲ.

ಎಷ್ಟು ತರಲಿ ಎಂದು ಅಮ್ಮನನ್ನು ಕೇಳುವುದೇ ಮರೆಯಿತು. ಒಂಬತ್ತು ವರ್ಷದ ಮಾತು ಮುಗಿಯಲು ಎಷ್ಟು ಕಾಫಿಪುಡಿ ಬೇಕಾಗಬಹುದು, ನಿಮಗೇನಾದರೂ ಅಂದಾಜಿದೆಯೇ?